ಎಪಿಐಗಿಂತ ಮುಂಚಿನ ಫಿಲ್ಟರ್

ಕಟ್ಟಡ ಕಾಮಗಾರಿಯ ದಾಖಲೆಗಳನ್ನು ಸಾಫ್ಟ್‌ವೇರಿನ ಎಪಿಐ ಮೂಲಕ ಹೆಕ್ಕೋದು ನನ್ನ ಹೊಟ್ಟೆಪಾಡು. ತಾರೀಖು, ಕಸುಬು ಕೊಟ್ಟರೆ ಅವತ್ತಿನ ಗಾರೆಯವರ ಲೆಕ್ಕ ಬರುತ್ತೆ. ಇದೇನು ಹೊಸದಲ್ಲ ಮಾರಾಯ್ರೆ!

ನ್ಯೂಯಾರ್ಕಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡ ಏಳುತ್ತಿದ್ದಾಗ ಗುತ್ತಿಗೆದಾರರಾದ ಸ್ಟಾರೆಟ್ ಬ್ರದರ್ಸ್ ಅಂಡ್ ಎಕೆನ್ ಕಂಪನಿಯ ಗುಮಾಸ್ತರು ದಿನಕ್ಕೆ ನಾಲ್ಕು ಸಲ, ಪ್ರತಿ ಕೆಲಸಗಾರ ಇದ್ದಲ್ಲಿಗೇ ಹೋಗಿ ಹಾಜರಿ ನೋಡುತ್ತಿದ್ದರಂತೆ. ಹಾಗಾಗಿಯೇ 1930ರ ಆಗಸ್ಟ್ 14ರಂದು ಅಲ್ಲಿ 3,439 ಮಂದಿ ದುಡಿದರು ಅಂತ ಇವತ್ತೂ ಹೇಳಬಹುದು. ಕಂಪನಿಯ ಆ ಟಿಪ್ಪಣಿ ಪುಸ್ತಕ 1998ರಲ್ಲಿ ಅಚ್ಚಾಯಿತು.

ನನ್ನ ಫಿಲ್ಟರಿಗೆ ಒಮ್ಮೊಮ್ಮೆ ಬರೀ ಸೊನ್ನೆ ಬರುತ್ತೆ. ಕೆಲಸ ನಡೆದಿರುತ್ತೆ, ಫೋಟೋನೂ ಇರುತ್ತೆ; ಕಸುಬಿನ ಕಾಲಂ ಮಾತ್ರ ಯಾರೂ ತುಂಬಿರಲ್ಲ. ಫೋಟೋದಲ್ಲಿ ಕಾಣುವ ಗಾರೆಯವರು ಪಟ್ಟಿಯಲ್ಲಿಲ್ಲ.