ಹಾಡಿನ ಸ್ಪರ್ಧೆಯೂ ತೀರ್ಪಿನ ಅಳತೆಗೋಲೂ

ಹಾಡುವವರ ಎದುರಿಗೆ ತೀರ್ಪುಗಾರರು ಕುಳಿತುಕೊಳ್ಳುವ ಪದ್ಧತಿ ಟೆಲಿವಿಷನ್ನಿನ ಜೊತೆಗೆ ಹುಟ್ಟಿದುದೆಂದು ಅನೇಕರು ಭಾವಿಸಿದ್ದಾರೆ. ನಾನಿರುವ ನಾಯಂಡಹಳ್ಳಿಯ ಬೀದಿಯಲ್ಲಿ ಶನಿವಾರ, ಭಾನುವಾರಗಳ ಸಂಜೆ ಮೈಸೂರು ರಸ್ತೆಯ ಗದ್ದಲವನ್ನೂ ಮೀರಿ ಮನೆಮನೆಯಿಂದ ಹಾಡಿನ ಸ್ಪರ್ಧೆ ಕೇಳಿಬರುತ್ತದೆ. ಮರುದಿನ ಅಂಗಡಿಯಲ್ಲಿ, ಮೆಟ್ರೋ ನಿಲ್ದಾಣದಲ್ಲಿ ಆ ತೀರ್ಪಿನ ಮೇಲೆ ಮರುತೀರ್ಪು ನಡೆಯುತ್ತದೆ. ‘ಆ ಹುಡುಗಿಗೆ ಅನ್ಯಾಯವಾಯಿತು, ಸಾರ್’ ಎನ್ನುವವರೇ ಹೆಚ್ಚು. ಅನ್ಯಾಯವಾಯಿತೆ ಇಲ್ಲವೆ ಎಂದು ಹೇಳಬೇಕಾದರೆ ನ್ಯಾಯದ ಅಳತೆಗೋಲು ಯಾವುದೆಂದು ಮೊದಲು ತಿಳಿಯಬೇಕಷ್ಟೆ. ಅದಕ್ಕೆ ನಮ್ಮಲ್ಲಿ ದೊಡ್ಡ ಚರಿತ್ರೆಯೇ ಉಂಟು.

ಭರತನ ನಾಟ್ಯಶಾಸ್ತ್ರದಲ್ಲಿ ತೀರ್ಪುಗಾರರಿಗೆ ‘ಪ್ರಾಶ್ನಿಕ’ರೆಂದು ಹೆಸರು. ರಂಗಪ್ರಯೋಗದಲ್ಲಿ ವಿವಾದ ಹುಟ್ಟಿದಾಗ ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವೈಯಾಕರಣ, ರಾಜ, ಬಿಲ್ವಿದ್ಯೆಯವನು, ಚಿತ್ರಕಾರ, ವೇಶ್ಯೆ, ಸಂಗೀತಗಾರ, ರಾಜಸೇವಕ ಎಂಬ ಹತ್ತು ಮಂದಿ ನಿರ್ಣಯ ಹೇಳಬೇಕು. ಪಟ್ಟಿ ವಿಚಿತ್ರವಾಗಿ ಕಂಡೀತು. ಆದರೆ ಅದರ ಹಿಂದಿರುವ ವಿವೇಕ ದೊಡ್ಡದು. ಸ್ವರತಾಳಗಳ ಮಾತು ಸಂಗೀತಗಾರನದು, ಶಬ್ದದ ಮಾತು ವೈಯಾಕರಣನದು. ತನಗೆ ತಿಳಿಯದುದರಲ್ಲಿ ಯಾರೂ ಬಾಯಿಹಾಕುವಂತಿಲ್ಲ. ಗೆದ್ದವನಿಗೆ ಸಲ್ಲುತ್ತಿದ್ದುದು ಪತಾಕೆ.

ಹಾಡುಗಾರಿಕೆಗೇ ಮೀಸಲಾದ ಅಳತೆಗೋಲನ್ನು 13ನೆಯ ಶತಮಾನದಲ್ಲಿ ಶಾರ್ಙ್ಗದೇವನ ‘ಸಂಗೀತರತ್ನಾಕರ’ ಕೊಟ್ಟಿತು. ದೇವಗಿರಿಯ ಸೇವುಣರ ಆಸ್ಥಾನದಲ್ಲಿ ಹುಟ್ಟಿದ ಈ ಗ್ರಂಥಕ್ಕೆ 15ನೆಯ ಶತಮಾನದಲ್ಲಿ ವಿಜಯನಗರದಲ್ಲಿ ಕಲ್ಲಿನಾಥನು ವ್ಯಾಖ್ಯಾನ ಬರೆದನು. ಆದುದರಿಂದ ಅದು ನಮಗೆ ಹೊರಗಿನದೇನೂ ಅಲ್ಲ. ಗಾಯಕನ ದೋಷಗಳನ್ನು ಶಾರ್ಙ್ಗದೇವ 25 ಎಂದು ಎಣಿಸುತ್ತಾನೆ. ಹಲ್ಲು ಕಚ್ಚಿ ಹಾಡುವವನು ‘ಸಂದಷ್ಟ’. ರಸವಿಲ್ಲದೆ ಅರಚುವವನು ‘ಉದ್ಘುಷ್ಟ’. ಕಾಗೆಯ ದನಿಯವನು ‘ಕಾಕೀ’. ಅಕ್ಷರ ತಿಳಿಯದಂತೆ ಹಾಡುವವನು ‘ಅವ್ಯಕ್ತ’. ಮೂಗಿನಿಂದ ಹಾಡುವವನು ‘ಸಾನುನಾಸಿಕ’. ಕಣ್ಣು ಮುಚ್ಚಿಕೊಂಡು ಹಾಡುವುದೂ ಅಲ್ಲಿ ದೋಷವೇ, ಅದರ ಹೆಸರು ‘ನಿಮೀಲಕ’. ಇಂದಿನ ವೇದಿಕೆಯಲ್ಲಿ ಅದಕ್ಕೇ ಹೆಚ್ಚು ಚಪ್ಪಾಳೆ!

ಇನ್ನೊಂದು ವಿಂಗಡಣೆ ಇದಕ್ಕಿಂತ ಬೆಲೆಯುಳ್ಳದ್ದು. ಗಾಯಕರಲ್ಲಿ ಐದು ಬಗೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕ. ಪರರ ಹಾಡಿಕೆಯನ್ನು ಅನುಕರಿಸುವವನು ಅನುಕಾರ. ಕೇಳುವವರನ್ನು ರಂಜಿಸುವವನು ರಂಜಕ. ನಮ್ಮ ಟೆಲಿವಿಷನ್ ಸ್ಪರ್ಧೆಗಳ ತೊಡಕೆಲ್ಲ ಈ ಐದು ಮಾತುಗಳಲ್ಲಿ ಅಡಗಿದೆ. ಅಲ್ಲಿ ಹಾಡುವುದು ಬಹುಮಟ್ಟಿಗೆ ಬೇರೊಬ್ಬರು ಹಾಡಿ ಪ್ರಸಿದ್ಧವಾದ ಚಿತ್ರಗೀತೆ. ಮೂಲದಂತೆಯೇ ಹಾಡಿದರೆ ‘ನಿನ್ನತನವೆಲ್ಲಿ?’ ಎನ್ನುತ್ತಾರೆ, ಬದಲಿಸಿದರೆ ‘ಮೂಲಕ್ಕೆ ಧಕ್ಕೆಯಾಯಿತು’ ಎನ್ನುತ್ತಾರೆ. ಪರೀಕ್ಷೆ ಅನುಕಾರನದೋ ಭಾವುಕನದೋ ಎಂಬುದು ಮೊದಲೇ ಇತ್ಯರ್ಥವಾಗದಿದ್ದರೆ ಹಾಡುವ ಮಗು ಏನು ಮಾಡಬೇಕು?

ರಾಜಾಸ್ಥಾನಗಳ ಕಾಲ ಮುಗಿದ ಮೇಲೆ ತೀರ್ಪಿನ ಅಧಿಕಾರ ಆಕಾಶವಾಣಿಗೆ ಬಂದಿತು. ಬಿ. ವಿ. ಕೇಸ್ಕರ್ ಅವರು ಸಚಿವರಾಗಿದ್ದಾಗ, 1952ರಿಂದೀಚೆಗೆ, ಕಲಾವಿದರನ್ನು ಪರೀಕ್ಷಿಸಿ ದರ್ಜೆ ಕೊಡುವ ಏರ್ಪಾಡು ಬಲಗೊಂಡಿತು. ಹೆಸರಾಂತ ವಿದ್ವಾಂಸರು ‘ನಮಗೂ ಪರೀಕ್ಷೆಯೆ?’ ಎಂದು ಸಿಡಿದೆದ್ದುದುಂಟು. ಆದರೂ ಹಾಡುವವರ ಹೆಸರು ತಿಳಿಯದಂತೆ ಧ್ವನಿಮುದ್ರಣವನ್ನಷ್ಟೇ ಕೇಳಿ ನಿರ್ಣಯಿಸುವ ಕ್ರಮದಲ್ಲಿ ಒಂದು ಘನತೆಯಿದ್ದಿತು. ಅಲ್ಲಿ ಮುಖವಿಲ್ಲ, ಊರಿಲ್ಲ, ಕಣ್ಣೀರಿಲ್ಲ, ಇದ್ದುದು ಕಂಠವೊಂದೇ.

ಟೆಲಿವಿಷನ್ನಿಗೆ ಮುಖವೇ ಬಂಡವಾಳ. 1995ರಲ್ಲಿ ಹಿಂದಿಯಲ್ಲಿ ‘ಸರೆಗಮ’, 1996ರಲ್ಲಿ ತೆಲುಗಿನಲ್ಲಿ ‘ಪಾಡುತಾ ತೀಯಗಾ’ ಆರಂಭವಾದುವು. 2000ದ ಡಿಸೆಂಬರಿನಲ್ಲಿ ಹುಟ್ಟಿದ ಈಟೀವಿ ಕನ್ನಡ ವಾಹಿನಿಯ ‘ಎದೆ ತುಂಬಿ ಹಾಡುವೆನು’ ಕನ್ನಡದ ಮನೆಗಳಿಗೆ ಈ ರೂಢಿಯನ್ನು ತಂದಿತು. ಅಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ತೀರ್ಪುಗಾರಿಕೆಯನ್ನು ಪಾಠವನ್ನಾಗಿ ಮಾಡಿದರು. ಹಾಡಿನ ಕವಿ ಯಾರು, ರಾಗ ಸಂಯೋಜಿಸಿದವರಾರು ಎಂದು ಹೇಳುವರು. ಉಚ್ಚಾರಣೆ ತಪ್ಪಿದರೆ ತಾವೇ ಹಾಡಿ ತೋರಿಸುವರು. ತಪ್ಪನ್ನು ತಪ್ಪೆಂದರೂ ಮಗುವಿನ ಮುಖ ಬಾಡುತ್ತಿರಲಿಲ್ಲ.

ಅವರು ಸ್ವತಃ ಸ್ಪರ್ಧೆಯ ಬಿಸಿಯುಂಡವರು. ಆಂಧ್ರದ ಗೂಡೂರಿನ ಸ್ಪರ್ಧೆಯೊಂದರಲ್ಲಿ ತಮಗೆ ಎರಡನೆಯ ಬಹುಮಾನ ಬಂದಾಗ, ಅತಿಥಿಯಾಗಿದ್ದ ಎಸ್. ಜಾನಕಿಯವರು ಮೊದಲನೆಯದು ಈ ಹುಡುಗನಿಗೇ ಸಲ್ಲಬೇಕಾಗಿತ್ತೆಂದು ವೇದಿಕೆಯಲ್ಲಿಯೇ ಹೇಳಿದರೆಂದು ಅವರು ನೆನೆಯುತ್ತಿದ್ದರು. ಮುಂದೆ ಮದ್ರಾಸಿನ ಮತ್ತೊಂದು ಸ್ಪರ್ಧೆಯಲ್ಲಿ ಸಂಗೀತ ನಿರ್ದೇಶಕ ಕೋದಂಡಪಾಣಿಯವರು ಅವರನ್ನು ಗುರುತಿಸಿದರು. 1966ರಲ್ಲಿ ಚಿತ್ರರಂಗಕ್ಕೆ ಬಂದೊಡನೆಯೇ ‘ನಕ್ಕರೆ ಅದೇ ಸ್ವರ್ಗ’ಕ್ಕೆ ಕನ್ನಡದಲ್ಲಿಯೂ ಹಾಡಿದರು.

2020ರಲ್ಲಿ ಅವರು ತೀರಿಕೊಂಡರು. ಇಂದಿನ ವೇದಿಕೆಗಳಲ್ಲಿ ಒಳ್ಳೆಯ ಸಂಗೀತಗಾರರಿಗೆ ಕೊರತೆಯಿಲ್ಲ, ಕೊರತೆಯಿರುವುದು ಕಾರಣಕ್ಕೆ. ‘ಅದ್ಭುತ’, ‘ಮೈ ಜುಮ್ಮೆಂದಿತು’ ಎಂಬ ಮಾತುಗಳಿಂದ ಕಲಿಯುವವನಿಗೆ ಏನೂ ದೊರೆಯದು. ಕನ್ನಡ ಪಾಠ ಹೇಳುವ ನನಗೆ, ಅಲ್ಪಪ್ರಾಣ ಮಹಾಪ್ರಾಣಗಳು ಕಲಸಿಹೋದರೂ, ಹಕಾರ ಅಕಾರವಾದರೂ ಯಾರೂ ತಡೆಯದಿರುವುದು ಹೆಚ್ಚು ನೋವಿನ ಸಂಗತಿ. ವೈಯಾಕರಣನ ಪೀಠ ಖಾಲಿಯಾಗಿದೆ.

2018–19ರಲ್ಲಿ ಜೀ ಕನ್ನಡದ ‘ಸರಿಗಮಪ’ದಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಎರಡನೆಯ ಸ್ಥಾನ ಪಡೆದರು, ಕೀರ್ತನ್ ಹೊಳ್ಳ ಗೆದ್ದರು. ಬಯಲಿನಲ್ಲಿ ಬೆಳೆದ ಜನಪದ ಕಂಠವನ್ನೂ ಶಿಕ್ಷಣ ಪಡೆದ ಕಂಠವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ‘ಪಾಪ, ಬಡವ’ ಎಂದು ಮೆಚ್ಚುವವರು ಆ ಹಾಡಿಗೆ ಉಪಕಾರ ಮಾಡಿದಂತಾಗಲಿಲ್ಲ. ಜನಪದಕ್ಕೆ ಅದರದೇ ಲಯ, ಅದರದೇ ಮಟ್ಟು, ಅದರದೇ ನುಡಿಯ ಬೆಡಗು ಉಂಟು; ಅವನ್ನು ಬಲ್ಲವರೊಬ್ಬರು ತೀರ್ಪಿನ ಪೀಠದಲ್ಲಿರಬೇಕು.

ಜನರ ಮತವೇ ಸಾಕಲ್ಲವೆ ಎಂದು ಕೇಳಬಹುದು. 1956ರಲ್ಲಿ ಹುಟ್ಟಿದ ಯೂರೋಪಿನ ಯೂರೋವಿಷನ್ ಸ್ಪರ್ಧೆ 1997ರಿಂದ ದೂರವಾಣಿ ಮತಕ್ಕೆ ಬಾಗಿಲು ತೆರೆಯಿತು. ಆದರೆ 2009ರ ಅಂತಿಮ ಸುತ್ತಿಗೆ ಪರಿಣತರನ್ನು ಮರಳಿ ಕರೆದು ಅರ್ಧ ಪಾಲು ಕೊಟ್ಟಿತು. ರಂಜಕನನ್ನು ಜನ ಗುರುತಿಸಬಲ್ಲರು. ಶಿಕ್ಷಾಕಾರನನ್ನು ಗುರುತಿಸಲು ಬಲ್ಲವರೇ ಬೇಕು.

ಆದುದರಿಂದ ನನ್ನ ಬಿನ್ನಹ ಇಷ್ಟೆ. ಪ್ರತಿ ಹಾಡಿಗೂ ಶ್ರುತಿ, ಲಯ, ಸಾಹಿತ್ಯಶುದ್ಧಿ, ಭಾವ ಎಂದು ನಾಲ್ಕು ಅಂಕಗಳನ್ನು ಬೇರೆಬೇರೆಯಾಗಿ ತೋರಿಸಲಿ. ಸಾಹಿತ್ಯಕ್ಕೆ ಕನ್ನಡ ಬಲ್ಲವರೊಬ್ಬರು ಕೂರಲಿ. ಮನೆಯ ಕಷ್ಟದ ಕಥೆಯನ್ನು ಅಂಕ ಕೊಟ್ಟ ಮೇಲೆ ಹೇಳಲಿ. ಸೋತ ಮಗು ತಾನು ಎಲ್ಲಿ ಸೋತೆನೆಂದು ತಿಳಿದುಕೊಂಡು ಮನೆಗೆ ಹೋದರೆ ಮರುದಿನ ಬೆಳಗ್ಗೆ ಸಾಧನೆಗೆ ಕೂರಲು ಅದಕ್ಕೊಂದು ದಾರಿ ಕಾಣುತ್ತದೆ.