ಫೋನಿನಲ್ಲೇ ಡಾಕ್ಟರ್: ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗಲ್ಲ?

ಬಿಪಿ ಗುಳಿಗೆ ಮುಗಿದಿದೆ. ಚೀಟಿ ಬರೆಸಲು ತಾಲ್ಲೂಕು ಆಸ್ಪತ್ರೆಗೆ ಹೋದರೆ ಬಸ್ಸು, ಸಾಲು, ಮತ್ತೆ ಬಸ್ಸು. ಅಂಗಡಿ ಇಟ್ಟವರಿಗೆ ಅರ್ಧ ದಿನದ ವ್ಯಾಪಾರ ಹೋಯ್ತು, ಕೂಲಿಯವರಿಗೆ ಇಡೀ ದಿನದ ಸಂಬಳ. ಹಾಗಾಗಿ ಗೊತ್ತಿರುವ ಡಾಕ್ಟರಿಗೆ ಫೋನ್ ಹಚ್ಚಿ "ಅದೇ ಗುಳಿಗೆ ಮುಂದುವರಿಸಲಾ ಸಾರ್" ಅಂತ ಕೇಳುವ ರೂಢಿ ಕೊರೊನಾ ಬರುವ ಮೊದಲೇ ಎಲ್ಲ ಊರಲ್ಲೂ ಇತ್ತು. ಇಲ್ಲದ್ದು ಅದಕ್ಕೊಂದು ನಿಯಮ. ಫೋನಿನಲ್ಲಿ ಔಷಧಿ ಹೇಳಿದರೆ ನಾಳೆ ತನ್ನ ಮೇಲೇ ಕೇಸ್ ಬಂದೀತೇನೋ ಎಂಬ ಅಳುಕು ಡಾಕ್ಟರುಗಳಿಗೂ ಇತ್ತು.

ಆ ನಿಯಮ ಬಂದದ್ದು 2020ರ ಮಾರ್ಚ್ 25ರಂದು, ಅಂದರೆ ದೇಶದಲ್ಲಿ ಲಾಕ್‌ಡೌನ್ ಶುರುವಾದ ದಿನವೇ. ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ನೋಂದಾಯಿತ ವೈದ್ಯರು ವಿಡಿಯೋ, ಫೋನ್ ಕರೆ ಅಥವಾ ವಾಟ್ಸಾಪ್‌ನಂಥ ಸಂದೇಶದ ಮೂಲಕ ರೋಗಿಯನ್ನು ವಿಚಾರಿಸಿ ಔಷಧಿ ಬರೆಯಬಹುದು. ಅದಾಗಿ ಮೂರು ವಾರದೊಳಗೆ, ಏಪ್ರಿಲ್ 13ಕ್ಕೆ, ಸರ್ಕಾರದ ಉಚಿತ ಇ-ಸಂಜೀವಿನಿ ಒಪಿಡಿ ಆರಂಭವಾಯಿತು. ಇದನ್ನು ಸಿದ್ಧಪಡಿಸಿದ್ದು ಮೊಹಾಲಿಯ ಸಿ-ಡ್ಯಾಕ್ ಸಂಸ್ಥೆ. 2023ರ ಫೆಬ್ರವರಿ ಹೊತ್ತಿಗೆ ದೇಶದಲ್ಲಿ ಇದರ ಮೂಲಕ ನಡೆದ ಸಮಾಲೋಚನೆ 10 ಕೋಟಿ ದಾಟಿತ್ತು.

ಕರ್ನಾಟಕಕ್ಕೆ ಇದು ಪೂರಾ ಹೊಸದೂ ಅಲ್ಲ. ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದು 2000ದ ದಶಕದ ಆರಂಭದಲ್ಲೇ. ಆಗ ಅದಕ್ಕೆ ಆಸ್ಪತ್ರೆಯಲ್ಲೇ ವಿಶೇಷ ಉಪಕರಣ ಬೇಕಿತ್ತು. ಈಗ ಜೇಬಿನ ಮೊಬೈಲ್ ಸಾಕು.

ಇ-ಸಂಜೀವಿನಿ: ಎರಡು ದಾರಿ

ಒಂದು, ಮನೆಯಿಂದಲೇ. ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ಮೊಬೈಲ್ ನಂಬರ್ ಹಾಕಿ, ಬಂದ ಒಟಿಪಿ ತುಂಬಿ, ತೊಂದರೆ ಏನೆಂದು ಬರೆದು ಸರದಿಗೆ ಕಾಯಬೇಕು. ವಿಡಿಯೋದಲ್ಲಿ ಡಾಕ್ಟರ್ ಮಾತಾಡಿಸುತ್ತಾರೆ, ಕೊನೆಗೆ ಔಷಧಿ ಚೀಟಿ ಫೋನಿಗೇ ಬರುತ್ತದೆ. ಹಳೆಯ ರಿಪೋರ್ಟ್‌ಗಳಿದ್ದರೆ ಫೋಟೋ ತೆಗೆದು ಮೊದಲೇ ಸೇರಿಸಬಹುದು. ಒಂದು ಎಚ್ಚರಿಕೆ: ಒಟಿಪಿಯನ್ನು ಆ್ಯಪ್‌ನಲ್ಲಿ ನೀವೇ ತುಂಬಬೇಕು. "ಆಸ್ಪತ್ರೆಯಿಂದ ಮಾತಾಡ್ತಿದ್ದೀವಿ, ಒಟಿಪಿ ಹೇಳಿ" ಅಂತ ಯಾರೇ ಕರೆ ಮಾಡಿದರೂ ಫೋನ್ ಇಟ್ಟುಬಿಡಿ.

ಎರಡನೇ ದಾರಿ ಹಳ್ಳಿಗಳಿಗೆ ಹೆಚ್ಚು ಉಪಯೋಗದ್ದು, ಆದರೆ ಗೊತ್ತಿರುವವರು ಕಡಿಮೆ. ಬಯಲುಸೀಮೆಯಲ್ಲಿ 30 ಸಾವಿರ, ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಲೆಕ್ಕ. ಅದರ ಕೆಳಗಿನ ಉಪಕೇಂದ್ರ 5 ಸಾವಿರ ಅಥವಾ 3 ಸಾವಿರ ಜನಕ್ಕೊಂದು. ಇಂಥ ಎಷ್ಟೋ ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡ್ ಹೊತ್ತಿವೆ. ಅಲ್ಲಿ ಸಮುದಾಯ ಆರೋಗ್ಯಾಧಿಕಾರಿ, ಅಂದರೆ ಸಿಎಚ್‌ಒ, ಇರುತ್ತಾರೆ. ಹೆಚ್ಚಿನವರು ನರ್ಸಿಂಗ್ ಓದಿದವರು. ಅವರು ಬಿಪಿ, ಶುಗರ್ ನೋಡಿ, ಅಲ್ಲಿಂದಲೇ ಪಿಎಚ್‌ಸಿ ವೈದ್ಯರನ್ನೋ ದೊಡ್ಡ ಆಸ್ಪತ್ರೆಯ ತಜ್ಞರನ್ನೋ ವಿಡಿಯೋದಲ್ಲಿ ಕೂರಿಸುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ, ಮನೆಗೆಲ್ಲಾ ಒಂದೇ ಫೋನ್ ಇದ್ದು ಗಂಡ-ಮಕ್ಕಳ ಎದುರು ತನ್ನ ತೊಂದರೆ ಹೇಳಿಕೊಳ್ಳಲಾಗದ ಹೆಂಗಸಿಗೆ ಇದೇ ಸರಿಯಾದ ದಾರಿ. ಪಕ್ಕದಲ್ಲಿ ಮೈಮುಟ್ಟಿ ನೋಡಲು ಒಬ್ಬರಾದರೂ ಇರುತ್ತಾರೆ. ಬರೀ ಮೊಬೈಲ್ ಕರೆಯಲ್ಲಿ ಅದಿಲ್ಲ.

ಆರು ತಿಂಗಳ ಲೆಕ್ಕ

ಮಾರ್ಗಸೂಚಿಯಲ್ಲಿ ಜನ ಮತ್ತು ಮೆಡಿಕಲ್ ಶಾಪ್‌ನವರು ಇಬ್ಬರೂ ತಿಳಿದಿರಬೇಕಾದ ಅಂಶ ಇದು. ಯಾವ ಔಷಧಿಯನ್ನು ಯಾವ ಥರದ ಕರೆಯಲ್ಲಿ ಬರೆಯಬಹುದು ಎಂದು ಪಟ್ಟಿಯೇ ಇದೆ. ಪ್ಯಾರಾಸಿಟಮಾಲ್, ಓಆರ್‌ಎಸ್ ಥರದವನ್ನು ಫೋನ್, ಮೆಸೇಜ್ ಯಾವುದರಲ್ಲಾದರೂ ಹೇಳಬಹುದು. ಅದಕ್ಕಿಂತ ಮೇಲಿನ ಕೆಲವು ಔಷಧಿಗಳನ್ನು ಮೊದಲ ಸಲ ಬರೆಯುವುದಾದರೆ ವಿಡಿಯೋದಲ್ಲಿ ಮುಖ ನೋಡಲೇಬೇಕು. ಅದೇ ಕಾಯಿಲೆಗೆ ಅದೇ ಡಾಕ್ಟರನ್ನು ಕಳೆದ ಆರು ತಿಂಗಳೊಳಗೆ ಖುದ್ದಾಗಿ ಕಂಡಿದ್ದರೆ ಅದು ಮುಂದುವರಿದ ಭೇಟಿ ಎನಿಸಿಕೊಳ್ಳುತ್ತದೆ; ಗುಳಿಗೆ ಮುಂದುವರಿಸುವುದು, ಅದಕ್ಕೆ ಇನ್ನೊಂದು ಸೇರಿಸುವುದು ಸುಲಭ. ಆರು ತಿಂಗಳು ದಾಟಿತೋ, ಮತ್ತೆ ಮೊದಲ ಭೇಟಿಯ ಲೆಕ್ಕ. ಎರಡು ವರ್ಷದಿಂದ ಮುಖವನ್ನೇ ತೋರಿಸದೆ "ಸಾರ್, ಅದೇ ಶುಗರ್ ಗುಳಿಗೆ" ಅನ್ನುವವರು ಇದನ್ನು ಗಮನಿಸಬೇಕು. ಚಟ ಹತ್ತಿಸುವ ಮಾದಕ ವರ್ಗದ ಔಷಧಿಗಳು ನಿಷೇಧದ ಪಟ್ಟಿಯಲ್ಲಿವೆ.

ಚೀಟಿಯ ಮೇಲೆ ವೈದ್ಯರ ಹೆಸರು, ಸಹಿ, ನೋಂದಣಿ ಸಂಖ್ಯೆ ಇರಲೇಬೇಕು. ವಾಟ್ಸಾಪ್‌ನಲ್ಲಿ ಬಂದ ಫೋಟೋ ಆದರೂ ಅಷ್ಟೇ. ಬರೀ ಗುಳಿಗೆಯ ಹೆಸರು ಟೈಪ್ ಮಾಡಿ ಕಳಿಸಿದ್ದು ಚೀಟಿ ಅಲ್ಲ. ಮೆಡಿಕಲ್ ಶಾಪ್‌ನವರು ಕೊಡಲ್ಲ ಅಂದರೆ ಜಗಳ ಆಡಿ ಪ್ರಯೋಜನವಿಲ್ಲ. ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಅರ್ಥ. ಚಿಕ್ಕ ಮಕ್ಕಳ ವಿಷಯದಲ್ಲಿ ದೊಡ್ಡವರು ಜೊತೆಗಿರಬೇಕು.

ಹೊಟ್ಟೆನೋವನ್ನು ಫೋನಿನಲ್ಲಿ ನೋಡಲಾಗದು

ಹೊಟ್ಟೆನೋವಿಗೆ ಗ್ಯಾಸ್ ಕಾರಣವೋ ಅಪೆಂಡಿಕ್ಸೋ ಅಂತ ತಿಳಿಯಲು ಕೆಳಹೊಟ್ಟೆಯ ಬಲಗಡೆ ಒತ್ತಿ ನೋಡಬೇಕು. ಎದೆಯೊಳಗಿನ ಸದ್ದು ಕೇಳಲು ಸ್ಟೆತಸ್ಕೋಪ್ ಬೇಕು. ಒಳ್ಳೆಯ ಡಾಕ್ಟರ್ ಇಂಥ ಕಡೆ "ಫೋನಿನಲ್ಲಿ ಆಗಲ್ಲ, ಬನ್ನಿ" ಅನ್ನುತ್ತಾರೆ. ಹಾಗೆ ಹೇಳುವ ಹಕ್ಕನ್ನು ನಿಯಮವೂ ಕೊಟ್ಟಿದೆ. ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗಿ ಒಂದು ಕೈಕಾಲು ಸೋಲುವುದು, ಗರ್ಭಿಣಿಗೆ ರಕ್ತಸ್ರಾವ, ಹಾವು ಕಡಿತ, ಮಗು ಹಾಲು ಕುಡಿಯದೆ ಮಂಕಾಗುವುದು: ಇವುಗಳಲ್ಲಿ ಯಾವುದಕ್ಕೂ ಆ್ಯಪ್ ತೆರೆದು ಸರದಿಗೆ ಕಾಯುವಂತಿಲ್ಲ. ನೇರ 108ಕ್ಕೆ ಕರೆ ಮಾಡಿ.

ಮನಸ್ಸಿನ ತೊಂದರೆಯ ಮಾತು ಬೇರೆ. ಅಲ್ಲಿ ಮಾತೇ ಅರ್ಧ ಚಿಕಿತ್ಸೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ, ನಂಬರ್ 14416, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯುತ್ತಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಯಾರು ನೋಡಿಬಿಡ್ತಾರೋ ಅಂತ ಮಾನಸಿಕ ವೈದ್ಯರ ಬಾಗಿಲಿಗೆ ಹೋಗಲು ಹಿಂಜರಿಯುವ ಸಣ್ಣ ಊರುಗಳಿಗೆ ಬಂದಿರುವ ಸೌಲಭ್ಯಗಳಲ್ಲಿ ಇದು ದೊಡ್ಡದು.

ಊರಿನ ಕ್ಲಿನಿಕ್‌ಗಳ ಗತಿ?

ಕೊರೊನಾ ಕಾಲದಲ್ಲಿ ಬಜಾರಿನ ಎಷ್ಟೋ ಕ್ಲಿನಿಕ್‌ಗಳು ಬಾಗಿಲು ಹಾಕಿದ್ದವು. ತೆರೆದಿದ್ದವರು ರಾತ್ರಿಯೆಲ್ಲಾ ವಾಟ್ಸಾಪ್‌ನಲ್ಲಿ ಆಕ್ಸಿಮೀಟರ್ ಫೋಟೋ ನೋಡುತ್ತಿದ್ದರು. ಹೆಚ್ಚಿನವರು ಅದಕ್ಕೆ ದುಡ್ಡು ಕೇಳಲಿಲ್ಲ, ಕೊಡಬೇಕೆಂದು ಜನರಿಗೂ ಅನ್ನಿಸಲಿಲ್ಲ. ಆ ಅಭ್ಯಾಸ ಈಗಲೂ ಹಾಗೇ ಉಳಿದಿದೆ. ಎದುರು ಕೂತು ನೋಡಿದಾಗ ತೆಗೆದುಕೊಳ್ಳುವಂತೆಯೇ ಫೋನ್ ಸಲಹೆಗೂ ಫೀಸು ತೆಗೆದುಕೊಂಡು ರಸೀತಿ ಕೊಡಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ಕೇಳಿದರೆ ಮುಖ ಸಿಂಡರಿಸುವುದು ಸರಿಯಲ್ಲ. ಹತ್ತು ನಿಮಿಷ ಮಾತಾಡಿ ಬಸ್ ಚಾರ್ಜು, ಅರ್ಧ ದಿನದ ವ್ಯಾಪಾರ ಉಳಿಸಿದವರಿಗೆ ಕೊಡುವ ದುಡ್ಡದು.

ದೂರದ ನಗರದ ಆ್ಯಪ್ ಕಂಪನಿಗಳಿಂದ ಈ ಕ್ಲಿನಿಕ್‌ಗಳಿಗೆ ಪೈಪೋಟಿ ಇದೆ. ಆದರೆ ಅಲ್ಲಿ ಒಂದೊಂದು ಸಲಕ್ಕೆ ಒಬ್ಬೊಬ್ಬ ಡಾಕ್ಟರ್. ನಿಮ್ಮಪ್ಪನಿಗೂ ಶುಗರ್ ಇತ್ತು, ಪೆನ್ಸಿಲಿನ್ ನಿಮಗೆ ಒಗ್ಗಲ್ಲ ಎಂಬುದು ಊರಿನ ಡಾಕ್ಟರಿಗೆ ನೆನಪಿರುತ್ತದೆ. ಮೊದಲ ಸಲ ಖುದ್ದಾಗಿ, ನಡುವಿನ ವಿಚಾರಣೆ ಫೋನಿನಲ್ಲಿ, ಆರು ತಿಂಗಳಿಗೊಮ್ಮೆ ಮತ್ತೆ ಖುದ್ದಾಗಿ ಎಂಬ ಪದ್ಧತಿ ಇಟ್ಟುಕೊಂಡರೆ ಕ್ಲಿನಿಕ್‌ನ ಸಾಲೂ ಕರಗುತ್ತದೆ, ಕಾಯಿಲೆಯೂ ಕಣ್ತಪ್ಪುವುದಿಲ್ಲ.

ಸರ್ಕಾರಿ ಕಡೆ ಇರುವ ಆತಂಕ ಬೇರೆ. ಪಿಎಚ್‌ಸಿಯಲ್ಲಿ ವೈದ್ಯರ ಹುದ್ದೆ ಖಾಲಿ ಇದ್ದಾಗ "ವಿಡಿಯೋ ಇದೆಯಲ್ಲ" ಎಂಬ ಉತ್ತರ ಬರಬಾರದು. ಹೆರಿಗೆ, ಹೊಲಿಗೆ, ಇಂಜೆಕ್ಷನ್ ಯಾವುದೂ ಪರದೆಯ ಮೇಲೆ ಆಗುವಂಥದ್ದಲ್ಲ. ಚೀಟಿ ಫೋನಿಗೆ ಬಂದರೂ ಉಪಕೇಂದ್ರದ ಕಪಾಟಿನಲ್ಲಿ ಗುಳಿಗೆ ಇಲ್ಲದಿದ್ದರೆ ರೋಗಿ ಮತ್ತೆ ತಾಲ್ಲೂಕಿನ ಬಸ್ಸನ್ನೇ ಹತ್ತಬೇಕು. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವೇ: ಸಿಎಚ್‌ಒ ಯಾವ ದಿನ, ಎಷ್ಟು ಹೊತ್ತು ಇರುತ್ತಾರೆ? ನೆಟ್‌ವರ್ಕ್ ಬರುತ್ತಾ? ಬಿಪಿ, ಶುಗರ್ ಗುಳಿಗೆ ತಿಂಗಳಿಗಾಗುವಷ್ಟು ಬರುತ್ತಿದೆಯಾ?

ಕರೆ ಮಾಡುವ ಮುನ್ನ ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಪಟ್ಟಿಯನ್ನೇ ಎದುರಿಗಿಟ್ಟುಕೊಳ್ಳಿ. "ಬಿಳಿ ಗುಳಿಗೆ, ಬೆಳಿಗ್ಗೆ ಒಂದು" ಅಂದರೆ ಯಾವ ಡಾಕ್ಟರಿಗೂ ಗೊತ್ತಾಗಲ್ಲ. ಕೊನೆಯ ಬಿಪಿ, ಶುಗರ್ ಸಂಖ್ಯೆ ತಾರೀಖಿನ ಸಮೇತ ಬರೆದಿಟ್ಟಿರಿ. ಫೋನ್ ಇಡುವ ಮೊದಲು ಒಂದು ಮಾತು ಕೇಳಿ: ಎಷ್ಟು ದಿನದಲ್ಲಿ ಕಡಿಮೆ ಆಗದಿದ್ದರೆ ಖುದ್ದಾಗಿ ಬರಬೇಕು?