ಒಂದು ಬಟ್ಟಲು, ಎರಡು ಹಲ್ಲಿ

ಸಾಕುಪ್ರಾಣಿಗಳ ಚರಿತ್ರೆ ಓದುತ್ತಾ ನಾನು ಹೆಚ್ಚು ಹೊತ್ತು ನಿಂತದ್ದು ನ್ಯೂ ಕ್ಯಾಲಿಡೋನಿಯಾದ ಕ್ರೆಸ್ಟೆಡ್ ಗೆಕ್ಕೊ ಎಂಬ ಹಲ್ಲಿಯ ಬಳಿ. 1866ರಲ್ಲಿ ಫ್ರಾನ್ಸಿನ ಗಿಶೆನೊ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಆಮೇಲೆ ಅಳಿದೇ ಹೋಯಿತೆಂದು ಎಲ್ಲರೂ ನಂಬಿದ್ದಾಗ, 1994ರಲ್ಲಿ ಮತ್ತೆ ಕಂಡಿತು. ಈಗ ಯುರೋಪು, ಅಮೆರಿಕದ ಮನೆಗಳಲ್ಲಿ ಸಾಮಾನ್ಯ.

ಕಾಡಿನಲ್ಲಿ ಹಣ್ಣು, ಮಕರಂದ, ಹುಳು ತಿನ್ನುವ ಜೀವಿ. ಸಾಕಿದವರು ಮೊದಮೊದಲು ಕೂಸುಗಳಿಗೆ ಕೊಡುವ ಹಣ್ಣಿನ ಪೇಸ್ಟಿಗೆ ಕ್ಯಾಲ್ಸಿಯಂ ಪುಡಿ ಬೆರೆಸಿದರು. ಅದು ಸಾಲದಿದ್ದರೆ ಮೂಳೆ ಬಾಗುತ್ತದೆ. ನಂತರ ನೀರಿನಲ್ಲಿ ಕಲಸುವ ಸಿದ್ಧ ಪುಡಿ ಬಂತು.

ತಿನಿಸಿನ ಪ್ರಶ್ನೆ ಬಗೆಹರಿಯಿತು, ಪಂಕ್ತಿಯದು ಉಳಿಯಿತು. ಒಂದೇ ಗಾಜಿನ ಗೂಡಿನಲ್ಲಿ ಎರಡಿದ್ದರೆ ಬಲವಾದದ್ದು ಬಟ್ಟಲು ಕಾಯುತ್ತದೆ, ಇನ್ನೊಂದು ಸೊರಗುತ್ತದೆ. ತಿನ್ನುವುದು ರಾತ್ರಿ, ಬೆಳಗ್ಗೆ ಬಟ್ಟಲು ಖಾಲಿ. ಯಾರು ತಿಂದರು? (ಕಡತಗಳಲ್ಲಿ ನನ್ನನ್ನು ಕಾಡುವುದೂ ಇದೇ: ಬೆಂದ ಅಕ್ಕಿಯ ಲೆಕ್ಕವಿರುತ್ತದೆ, ಉಂಡವರದ್ದಿರುವುದಿಲ್ಲ.) ಅದಕ್ಕೇ ಬಲ್ಲವರು ಎರಡು ಬಟ್ಟಲುಗಳನ್ನು ದೂರದೂರ, ಎತ್ತರದಲ್ಲಿಟ್ಟು, ಹಲ್ಲಿಗಳನ್ನು ಒಂದೊಂದಾಗಿ ತೂಗುತ್ತಾರೆ. ತೂಕ ಇಳಿದದ್ದನ್ನು ಬೇರೆ ಗೂಡಿಗೆ ಹಾಕುತ್ತಾರೆ. ಗಂಡುಗಳೆರಡನ್ನಂತೂ ಕೂಡಿಡುವುದೇ ಇಲ್ಲ. ಕಚ್ಚಾಟದಲ್ಲಿ ಬಾಲ ಕಳಚಿದರೆ, ನಮ್ಮ ಗೋಡೆಯ ಹಲ್ಲಿಯಂತಲ್ಲ, ಇದಕ್ಕೆ ಮತ್ತೆ ಬೆಳೆಯುವುದಿಲ್ಲ.